ಮೂರು ಕೊಟೇಶನ್, ಮೂವತ್ನಾಲ್ಕು ಗುಹೆ

ರಘೋತ್ತಮರು ಮಾತು ಕೊಡುವಾಗ ಬಹಳ ವಿಚಾರ ಮಾಡಿ ಕೊಡುವವರು. ಅಂದರೆ, ಅದನ್ನು ನಡೆಸಿಕೊಡುವ ಪ್ರಸಂಗ ಎಂದೂ ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಕೊಡುವವರು. ಆ ವರ್ಷ ದೀಪಾವಳಿಯಲ್ಲಿ ಹನ್ನೊಂದು ವರ್ಷದ ಮಗಳು ಮೃದುಲಾ, "ಅಪ್ಪಾ, ಮೌಜ್‌ನಗರಿಗೆ ಕರಕೊಂಡು ಹೋಗ್ತೀರೇನು?" ಎಂದು ಕೇಳಿದಾಗ, ಪೇಪರಿನಿಂದ ತಲೆ ಎತ್ತದೆಯೇ, "ಗಣಿತದಾಗ ತೊಂಬತ್ತು ತಗೋ, ಕರಕೊಂಡು ಹೋಗ್ತೀನಿ" ಎಂದುಬಿಟ್ಟರು. ಮೃದುಲಾಗೆ ಅಲ್ಲಿಯವರೆಗೆ ಗಣಿತದಲ್ಲಿ ಬಂದಿದ್ದ ಅತಿ ಹೆಚ್ಚಿನ ಅಂಕ ನಲವತ್ತೊಂದು. (ಅದರಲ್ಲಿ ಐದು ಅಂಕ ಮಗ್ಗಿ ಬಾಯಿಪಾಠ ಒಪ್ಪಿಸಿದ್ದಕ್ಕೆ.)

ಏಪ್ರಿಲ್ ಕೊನೆಗೆ ಶಾಲೆಯ ಫಲಿತಾಂಶ ಬಂತು. ಗಣಿತದಲ್ಲಿ ತೊಂಬತ್ಮೂರು.

ಹುಡುಗಿ ಆರು ತಿಂಗಳು ಆಟ ಬಿಟ್ಟು ಲೆಕ್ಕ ಮಾಡಿದ್ದಳು. ಮೌಜ್‌ನಗರಿಯ ಬಣ್ಣದ ಜಾಹೀರಾತನ್ನು ಪೇಪರಿನಿಂದ ಕತ್ತರಿಸಿ ಕಂಪಾಸ್ ಡಬ್ಬಿಯ ಮುಚ್ಚಳಕ್ಕೆ ಒಳಗಡೆ ಅಂಟಿಸಿಕೊಂಡಿದ್ದಳು. ಮುಂಬೈಯ ಆಚೆ ಹೊಸದಾಗಿ ಶುರುವಾಗಿದ್ದ ಆ ಆಟದ ಪಾರ್ಕಿನಲ್ಲಿ ಇಪ್ಪತ್ನಾಲ್ಕು ಆಟಗಳು, ಎಲ್ಲಕ್ಕೂ ಸೇರಿ ಒಂದೇ ತಿಕೀಟು. ಅವರಿದ್ದ ನಾಸಿಕ್ ರೋಡಿನ ಸರಕಾರಿ ಕ್ವಾರ್ಟರ್ಸಿನಲ್ಲಿ ಅದನ್ನು ನೋಡಿ ಬಂದ ಮಕ್ಕಳದು ಒಂದು ಜಾತಿ, ನೋಡದವರದು ಇನ್ನೊಂದು ಜಾತಿ ಎಂದಾಗಿತ್ತು.

ಅಂಕಪಟ್ಟಿ ನೋಡಿದ ರಘೋತ್ತಮರಿಗೆ ಒಂದು ಕಣ್ಣಲ್ಲಿ ಆನಂದ, ಇನ್ನೊಂದರಲ್ಲಿ ಕತ್ತಲೆ. ಎರಡು ವರ್ಷದಿಂದ ಅವರು ರೇಡಿಯೋ, ಟೇಪು ಎರಡೂ ಇರುವ ಒಂದು ಟೂ-ಇನ್-ಒನ್ ಕೊಳ್ಳಬೇಕೆಂದು ಬಿಸ್ಕತ್ತಿನ ಡಬ್ಬಿಯಲ್ಲಿ ನೋಟು ಕೂಡಿಸುತ್ತಿದ್ದರು. ಮೌಜ್‌ನಗರಿ ಎಂದರೆ ಆ ಡಬ್ಬಿಯ ತಳ ಕಾಣುವುದು ಎಂದೇ ಅರ್ಥ.

"ತಲಿ ತಿರುಗಸ್ಕೊಳ್ಳಿಕ್ಕೆ ರೊಕ್ಕ ಕೊಡೋದು ಎಲ್ಲಿಯ ಶಾಣ್ಯಾತನ? ಅದೇ ಖರ್ಚಿನಾಗ ವೇರೂಳದ ಗುಹಾ ನೋಡಬಹುದು, ದೌಲತಾಬಾದ್ ಕಿಲ್ಲಾ ನೋಡಬಹುದು, ಘೃಷ್ಣೇಶ್ವರನ ದರ್ಶನಾನೂ ಆಗ್ತದ" ಎಂದರು ಹೆಂಡತಿಗೆ. (ವೇರೂಳ ಎಂದರೆ ನಮ್ಮ ಎಲ್ಲೋರಾ.)

"ಮಾತು ಕೊಟ್ಟಾಗ ಘೃಷ್ಣೇಶ್ವರ ನೆನಪಾಗಿದ್ದಿಲ್ಲೇನ್ರಿ?" ಎಂದರು ವಸುಧಾ, ಒಗ್ಗರಣೆಗೆ ಸಾಸಿವೆ ಹಾಕುತ್ತ.

ಮಾತಿಗೆ ತಪ್ಪಿದ ಎನಿಸಿಕೊಳ್ಳುವುದು ರಘೋತ್ತಮರಿಗೆ ಬೇಡವಾಗಿತ್ತು. ಮಾತು ತಪ್ಪದೆ ತಪ್ಪಿಸಿಕೊಳ್ಳುವ ದಾರಿ ಬೇಕಾಗಿತ್ತು. ಇಂಥ ದಾರಿಗಳಿಗಾಗಿಯೇ ನಮ್ಮ ದೇಶದಲ್ಲಿ ಸರಕಾರಿ ಕಚೇರಿಗಳಿವೆ. ರಘೋತ್ತಮರು ಕೇಂದ್ರ ಸರಕಾರದ ಒಂದು ಕಚೇರಿಯ ಸ್ಟೋರ್ಸ್ ವಿಭಾಗದವರು. ಧಾರವಾಡದಿಂದ ಬದಲಿಯಾಗಿ ಬಂದು ಒಂಬತ್ತು ವರ್ಷವಾಗಿತ್ತು. ಆ ಕಚೇರಿಯೊಳಗೆ ಮೂರು ಕೊಟೇಶನ್ ಇಲ್ಲದೆ ಕಸಬರಿಗೆ ಕೂಡ ಕಾಲಿಟ್ಟದ್ದಿಲ್ಲ. ಹೀಗಿರುವಾಗ ಒಂದು ಇಡೀ ಪ್ರವಾಸವನ್ನು ಸ್ಪರ್ಧೆಯಿಲ್ಲದೆ ಒಪ್ಪಿಕೊಂಡರೆ ಪ್ರಜಾಪ್ರಭುತ್ವದ ಗತಿಯೇನು?

ಮರುದಿನ ಮನೆಯಲ್ಲಿ ಟೆಂಡರ್ ಪ್ರಕಟವಾಯಿತು. ಮೂರೂ ಜನ ಒಂದೊಂದು ಪ್ರವಾಸದ ಕೊಟೇಶನ್ ಬರೆದು, ಲಕೋಟೆಗೆ ಗೋಂದು ಹಚ್ಚಿ, ದೇವರ ಮುಂದೆ ಇಡಬೇಕು. ಯಾವುದರಲ್ಲಿ ಒಂದು ಸ್ಥಳಕ್ಕೆ ಬೀಳುವ ಖರ್ಚು ಎಲ್ಲಕ್ಕಿಂತ ಕಡಿಮೆಯೋ ಅದಕ್ಕೆ ಆರ್ಡರ್. ಷರತ್ತುಗಳನ್ನು ರಘೋತ್ತಮರು ಕಚೇರಿಯ ಫಾರ್ಮ್ ನೋಡಿಕೊಂಡು ತಮ್ಮ ಮುತ್ತಿನಂಥ ಅಕ್ಷರದಲ್ಲಿ ಕನ್ನಡಕ್ಕೆ ಇಳಿಸಿದರು. ಕನ್ನಡ ಯಾಕೆಂದರೆ, ಮರಾಠಿ ಶಾಲೆಗೆ ಹೋಗುವ ಮೃದುಲಾಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಕೆಳಗೆ ಇರುವೆ ಸಾಲಿನಂತೆ ಸಣ್ಣ ಅಕ್ಷರದಲ್ಲಿ ಹನ್ನೆರಡು ಷರತ್ತುಗಳಾದವು. ಇಷ್ಟೆಲ್ಲ ಯಾಕೆ ಬೇಕಿತ್ತು ಎಂದರೆ, ಫಾರ್ಮಿನಲ್ಲಿದ್ದುದನ್ನು ಅರ್ಧಕ್ಕೆ ಬಿಡುವುದು ಇಪ್ಪತ್ತು ವರ್ಷ ಪಳಗಿದ ಆ ಕೈಗೆ ಸಾಧ್ಯವಿರಲಿಲ್ಲ.

ರವಿವಾರ ಬೆಳಿಗ್ಗೆ, ಸ್ನಾನ ಪೂಜೆ ಮುಗಿಸಿ, ಲಕೋಟೆ ಒಡೆದರು. ಮೃದುಲಾ ಮೌಜ್‌ನಗರಿಯ ಖರ್ಚನ್ನು ಬಸ್ಸು, ದೋಣಿ, ತಿಕೀಟು ಎಂದು ಪೈಸೆಯವರೆಗೆ ಬಿಡಿಸಿ ಬರೆದಿದ್ದಳು. (ತೊಂಬತ್ಮೂರು ಸುಮ್ಮನೆ ಬಂದದ್ದಲ್ಲ.) ರಘೋತ್ತಮರದು ವೇರೂಳ, ಔರಂಗಾಬಾದ್. ವಸುಧಾರ ಲಕೋಟೆಯಲ್ಲಿ ಎರಡೇ ಸಾಲು: "ನೀವಿಬ್ಬರೂ ಎಲ್ಲಿಗಾದರೂ ಹೋಗಿ ಬರ್ರಿ. ನಾ ನಾಲ್ಕು ದಿನ ಮನ್ಯಾಗ ಮಲಗತೀನಿ. ನನ್ನ ಖರ್ಚು ಸೊನ್ನೆ."

"ಇದು ನಮೂನೆ ಪ್ರಕಾರ ಇಲ್ಲ" ಎಂದು ರಘೋತ್ತಮರು ಅದನ್ನು ಮೂರನೆಯ ಸ್ಥಾನಕ್ಕೆ ತಳ್ಳಿ, ತುಲನಾತ್ಮಕ ತಖ್ತೆ ಓದಿದರು. "ಮೌಜ್‌ನಗರಿ, ಸ್ಥಳ ಒಂದು. ವೇರೂಳ, ಸ್ಥಳ ಮೂವತ್ತೆಂಟು."

"ಮೂವತ್ತೆಂಟು ಎಲ್ಲಿಂದ ಬಂದ್ವು?" ಎಂದರು ವಸುಧಾ.

"ಗುಹಾ ಮೂವತ್ನಾಲ್ಕು. ಘೃಷ್ಣೇಶ್ವರ, ಕಿಲ್ಲಾ, ಔರಂಗಾಬಾದಿನ ಪನಚಕ್ಕಿ, ಮಕಬರಾ ಸೇರಿ ಮೂವತ್ತೆಂಟು ನಗ." (ಸ್ಟೋರ್ಸಿನವರ ಬಾಯಲ್ಲಿ ಪ್ರತಿಯೊಂದು ಬಿಡಿ ಸರಕೂ ಒಂದು ನಗ.)

"ಗುಹಾ ಒಂದೊಂದೂ ಬ್ಯಾರೆ ಬ್ಯಾರೆ, ಆಟ ಮಾತ್ರ ಇಪ್ಪತ್ನಾಲ್ಕೂ ಸೇರಿ ಒಂದೇನ್ರಿ? ಯಾವ ಊರ ನ್ಯಾಯ ಇದು?"

"ಆಡಳಿತದ ನಿರ್ಣಯ ಅಂತಿಮ. ಐದನೇ ಷರತ್ತು."

ಮೃದುಲಾ ಅಳಲಿಲ್ಲ. ಅತ್ತಿದ್ದರೆ ರಘೋತ್ತಮರಿಗೆ ಹಗುರವಾಗುತ್ತಿತ್ತು. ಅವಳು ಕಂಪಾಸ್ ಡಬ್ಬಿ ಮುಚ್ಚಿಟ್ಟು, "ಅಪ್ಪಾ, ಆ ಕಾಗದಾ ನನಗ ಕೊಡ್ರಿ" ಎಂದು ಷರತ್ತುಗಳಿದ್ದ ಆರ್ಡರ್ ಪ್ರತಿ ಇಸಿದುಕೊಂಡು ಒಳಗೆ ಹೋದಳು. ಅಂದು ಮಧ್ಯಾಹ್ನ ಊಟದಲ್ಲಿ ರಘೋತ್ತಮರು ತಮ್ಮ ಪಾಲಿನ ಶ್ರೀಖಂಡವನ್ನೂ ಮಗಳ ತಟ್ಟೆಗೆ ಬಡಿಸಿದರು. ಆಮೇಲಿನ ಮೂರು ಮಧ್ಯಾಹ್ನ ತಾಯಿ ಮಗಳು ಅಡುಗೆಮನೆಯ ಬಾಗಿಲು ಹಾಕಿಕೊಂಡು ಏನೋ ಗುನುಗುನು ಓದುತ್ತಿದ್ದರು. ಶ್ಲೋಕವಿರಬೇಕು ಎಂದುಕೊಂಡು ಅವರು ಸಮಾಧಾನಪಟ್ಟರು.

ಮೇ ಎರಡನೆಯ ವಾರ ಕೆಂಪು ಬಸ್ಸಿನಲ್ಲಿ ಐದು ತಾಸು ಕುಲುಕಾಡಿ ಔರಂಗಾಬಾದ್ ಸೇರಿದರು. ಇಳಿದುಕೊಂಡದ್ದು ಅವರ ಇಲಾಖೆಯವನೇ ಆದ ಭಾಲ್ಕಿಯ ವೈಜನಾಥನ ಮನೆಯಲ್ಲಿ. ಪರವೂರಿನಲ್ಲಿ ಒಬ್ಬ ಕನ್ನಡದವನಿದ್ದಾನೆ ಎಂದರೆ ಅಲ್ಲಿ ಲಾಡ್ಜ್ ಹಿಡಿಯುವುದು ಅವನಿಗೆ ಮಾಡುವ ಅವಮಾನ ಎಂದು ರಘೋತ್ತಮರ ದೃಢ ನಂಬಿಕೆ. ಮೊದಲ ದಿನ ನಾಲ್ಕು ಸ್ಥಳ ಸಾಂಗವಾಗಿ ಮುಗಿದವು. ಎರಡನೆಯ ದಿನ ಬೆಳಿಗ್ಗೆ ವೈಜನಾಥನನ್ನೂ ಕರೆದುಕೊಂಡು ಗುಹೆಗಳಿಗೆ ಹೊರಟರು. ಈ ಪ್ರವಾಸಕ್ಕೆಂದೇ ರಘೋತ್ತಮರು ಹೊಸ ಕೊಲ್ಹಾಪುರಿ ಚಪ್ಪಲಿ ಹಾಕಿಕೊಂಡಿದ್ದರು. ಹೊಸ ಕೊಲ್ಹಾಪುರಿ ಹಾಕಿಕೊಂಡವರಿಗೆ ಮುಂದಿನದನ್ನು ನಾನು ವಿವರಿಸಬೇಕಾಗಿಲ್ಲ.

ಮೊದಲನೆಯ ಗುಹೆಯ ಬಾಗಿಲಲ್ಲೇ ಮೃದುಲಾ ಪೆನ್ಸಿಲ್ ತೆಗೆದು ಆರ್ಡರಿನ ಮೇಲೆ ಒಂದು ಗೆರೆ ಎಳೆದಳು.

"ಏನದು?"

"ಮಾಲ್ ಆಲಾ, ಅಪ್ಪಾ. ಒಂದು ನಗ ಬಂತು. ಇನ್ನ ಮೂವತ್ಮೂರು."

ಹತ್ತನೆಯ ಗುಹೆಯವರೆಗೆ ಇದು ತಮಾಷೆಯಾಗಿತ್ತು. ಹನ್ನೆರಡಕ್ಕೆ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು. ಹದಿನಾರು ಎಂದರೆ ಕೈಲಾಸ. ಒಂದೇ ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಬಂದು ಮಾಡಿದ ಆ ದೇವಸ್ಥಾನದ ಅಂಗಳದಲ್ಲಿ ಮೃದುಲಾ ಪೆನ್ಸಿಲ್ ಮರೆತು ನಿಂತಳು. "ಮೊದಲ ಶಿಖರಾ ಮಾಡಿ ಆಮೇಲೆ ಪಾಯಾ ಮಾಡ್ಯಾರೇನು? ಆದ್ರ ಲೆಕ್ಕಾ ತಪ್ಪಿದ್ರ?" ಎಂದಳು. "ನಮ್ಮ ರಾಷ್ಟ್ರಕೂಟರು ಲೆಕ್ಕಾ ತಪ್ಪೋವ್ರಲ್ಲ" ಎಂದು ರಘೋತ್ತಮರು ಎದೆ ಉಬ್ಬಿಸಿದರು. ಅರ್ಧ ತಾಸು ತಂದೆ ಮಗಳು ಆನೆಗಳ ಸಾಲನ್ನು ಎಣಿಸುತ್ತ ಬೊಬ್ಬೆ, ಟೆಂಡರ್ ಎರಡನ್ನೂ ಮರೆತರು. ಇಷ್ಟಕ್ಕೇ ಮುಗಿಸಿ ಬಸ್ಸು ಹತ್ತಿದ್ದರೆ ರಘೋತ್ತಮರ ಗೆಲುವು ಇತಿಹಾಸದಲ್ಲಿ ಉಳಿಯುತ್ತಿತ್ತು.

ಆದರೆ ಇನ್ನೂ ಹದಿನೆಂಟು ನಗ ಬಾಕಿ. ಮೇ ತಿಂಗಳ ಬಿಸಿಲು, ಕಾದ ಕಲ್ಲು, ಕಚ್ಚುವ ಚಪ್ಪಲಿ. ಇಪ್ಪತ್ತೊಂದು, ಇಪ್ಪತ್ತೆರಡನ್ನು "ಎರಡೂ ಒಂದೇ ಥರಾ ಅವ, ಹೊರಗಿಂದ ನೋಡಿದ್ರ ಸಾಕು" ಎಂದು ದಾಟಿಸಲು ನೋಡಿದರು. "ತಪಾಸಣೆ ಇಲ್ದ ಸಹಿ ಹಾಕಬಾರದು ಅಂತ ನೀವ ಹೇಳ್ತೀರಲ್ಲಾ" ಎಂದು ಮಗಳು ಕೈ ಹಿಡಿದು ಒಳಗೆ ಎಳೆದೊಯ್ದಳು. ಇಪ್ಪತ್ತೊಂಬತ್ತನೆಯ ಗುಹೆಯಲ್ಲಿ ರಘೋತ್ತಮರು ಒಂದು ಕಲ್ಲುಸಿಂಹದ ಪಕ್ಕದಲ್ಲಿ ಕುಳಿತರು. ಎರಡೂ ಅಲುಗಾಡಲಿಲ್ಲ.

"ಇನ್ನಾ ಐದು ಉಳದಾವರೀ ಸರ್. ಜೈನ ಗುಹಾ. ಒಂದ್ ಮೈಲು ಆಗಬಹುದು" ಎಂದ ವೈಜನಾಥ, ಉತ್ಸಾಹದಿಂದ.

"ಸಾಕಪ್ಪಾ. ಇಪ್ಪತ್ತೊಂಬತ್ತು ಅಂದ್ರ ಮೂವತ್ನಾಲ್ಕಿದ್ಧಂಗ."

ಮೃದುಲಾ ಆರ್ಡರನ್ನು ಬಿಡಿಸಿ ಎರಡೂ ಕೈಯಲ್ಲಿ ಹಿಡಿದಳು. ಇರುವೆ ಸಾಲಿನ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿಕೊಂಡು, ಕನ್ನಡದಲ್ಲಿ ಓದತೊಡಗಿದಳು. "ಹ-ನ್ನೊಂ-ದು. ಒಪ್ಪಿದ ಪ್ರ-ಮಾ-ಣದಲ್ಲಿ ಒಂದು ನಗ ಕಡಿಮೆಯಾದರೂ... ಸರ-ಬ-ರಾಜು-ದಾರನ ಹೊಣೆ ಮತ್ತು ಖರ್ಚಿನಲ್ಲಿ... ಮುಂದಿನ ದರದವರಿಂದ ಸರಕು ತರಿಸಲಾಗುವುದು." ತಲೆ ಎತ್ತಿ ನೋಡಿದಳು. "ಸರಬರಾಜುದಾರ ಅಂದ್ರ ನೀವು. ಮುಂದಿನ ದರಾ ನಂದು."

ಕಲ್ಲುಸಿಂಹವೇ ಸಾಕ್ಷಿ. ವೈಜನಾಥನೂ ಇಲಾಖೆಯವನೇ ಆದ್ದರಿಂದ ಗೌರವದಿಂದ ತಲೆಬಾಗಿಸಿ, "ಕಲಂ ಕರೆಕ್ಟ್ ಅದರೀ ಸರ್" ಎಂದ.

ರಘೋತ್ತಮರಿಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಒಂಬತ್ತು ವರ್ಷ ಅ ಆ ಇ ಈ ತಖ್ತೆ ಗೋಡೆಗೆ ತೂಗುಹಾಕಿ ಗೋಗರೆದರೂ ಕನ್ನಡ ಓದದ ಹುಡುಗಿ, ಮೂರು ಮಧ್ಯಾಹ್ನಗಳಲ್ಲಿ ಸರಕಾರಿ ಕನ್ನಡವನ್ನೇ ಓದಿಬಿಟ್ಟಿದ್ದಳು! ಅಷ್ಟು ಆಸೆಯಿದ್ದ ಮಗುವಿಗೆ ತಾನು ತಖ್ತೆ ಹಾಕಿ ಮೋಸ ಮಾಡಿದೆನಲ್ಲ ಎಂದು ಅವರಿಗೆ ನಿಜವಾಗಿ ನಾಚಿಕೆಯಾಯಿತು. "ಬಾ ಇಲ್ಲೆ" ಎಂದು ಮಗಳನ್ನು ಹತ್ತಿರ ಕರೆದು, "ಹೋಗೋಣು. ಮುಂದಿನ ವಾರಾನ ಹೋಗೋಣು" ಎಂದರು. ಮೃದುಲಾ ಮೊದಲ ಸಲ ಆ ಪ್ರವಾಸದಲ್ಲಿ ಗುಹೆ ಮೊಳಗುವಂತೆ ಕೂಗಿದಳು.

ಮುಂದಿನ ವಾರ ಬಿಸ್ಕತ್ತಿನ ಡಬ್ಬಿ ಬರಿದಾಯಿತು. ಮೌಜ್‌ನಗರಿಗೆ ಹೋದಾಗ ರಘೋತ್ತಮರು, "ನಾ ಚೀಲಾ ಕಾಯ್ತೀನಿ" ಎಂದು ಗಂಭೀರವಾಗಿ ಬೆಂಚಿನ ಮೇಲೆ ಕುಳಿತರು.

"ಕೂಡ್ರಿ. ಇಪ್ಪತ್ನಾಲ್ಕಕ್ಕೂ ಸೇರಿ ತಿಕೀಟು ತಗೊಂಡೇವಿ. ಆಡಿದ್ರೂ ಅಷ್ಟ, ಕೂತ್ರೂ ಅಷ್ಟ" ಎಂದರು ವಸುಧಾ.

ರಘೋತ್ತಮರು ಸ್ವಲ್ಪ ಹೊತ್ತು ಕುಳಿತರು. ಮನಸ್ಸು ತಾನಾಗಿ ಭಾಗಾಕಾರ ಮಾಡಿತು. ಒಂದೂ ಆಡದಿದ್ದರೆ ದರ ಅನಂತ. ಒಂದು ಆಡಿದರೆ ವಿಪರೀತ. ಇಪ್ಪತ್ನಾಲ್ಕೂ ಆಡಿದರೆ ವೇರೂಳದಷ್ಟೇ ಅಗ್ಗ! ಅವರು ಧೋತರವನ್ನು ಬಿಗಿದು ಕಚ್ಚೆ ಸಿಕ್ಕಿಸಿ ಎದ್ದರು.

ಆಮೇಲೆ ಅವರನ್ನು ಹಿಡಿಯಲು ಯಾರಿಂದಲೂ ಆಗಲಿಲ್ಲ. ಎತ್ತರದ ಚಕ್ರದಲ್ಲಿ ರಾಮನಾಮ ಹೇಳುತ್ತ ಕುಳಿತವರು, ಗಿರಗಿಟ್ಟಲೆಯಲ್ಲಿ ಕಣ್ಣು ತೆರೆದರು, ಉರುಳುವ ರೈಲಿನಲ್ಲಿ ಕೈ ಮೇಲೆತ್ತಿ ಚೀರಿದರು. ಮಧ್ಯಾಹ್ನ ನಾಲ್ಕಕ್ಕೆ ಮೃದುಲಾ, "ಅಪ್ಪಾ, ನನಗ ಸಾಕಾತು" ಎಂದು ತಾಯಿಯ ಪಕ್ಕ ಭೇಳ್ ತಿನ್ನುತ್ತ ಕುಳಿತಳು. ಅಪ್ಪ ಒಬ್ಬರೇ ಹತ್ತೊಂಬತ್ತನೆಯದಕ್ಕೆ ಓಡುತ್ತಿದ್ದರು. ಮುಖದ ಬಣ್ಣ ಹೀರೇಕಾಯಿಯದಾಗಿತ್ತು, ಆದರೆ ಅದರ ಮೇಲೆ ಎಂಟು ವರ್ಷದ ಹುಡುಗನ ನಗು ಇತ್ತು.

ಇಪ್ಪತ್ಮೂರು ಮುಗಿದವು. ಇಪ್ಪತ್ನಾಲ್ಕನೆಯದು ಬಾತುಕೋಳಿಗಳ ಆಟ. ಆರು ವರ್ಷದೊಳಗಿನವರಿಗೆ ಮಾತ್ರ. ರಘೋತ್ತಮರು ಕಾವಲುಗಾರನ ಮುಂದೆ ಹಿಂದಿ, ಮರಾಠಿ, ಕೊನೆಗೆ ಸಂಸ್ಕೃತದ ಒಂದೆರಡು ಶಬ್ದಗಳಲ್ಲೂ ಬೇಡಿಕೊಂಡರು. ಅವನು ಅವರ ಹೊಟ್ಟೆಯನ್ನೂ ಬಾತುಕೋಳಿಯ ಬೆನ್ನನ್ನೂ ನೋಡಿ ತಲೆ ಅಲ್ಲಾಡಿಸಿದ.

ಮುಖ ಸಣ್ಣ ಮಾಡಿಕೊಂಡು ಬಂದ ಗಂಡನನ್ನು ವಸುಧಾ ಕೇಳಿದರು, "ಎಷ್ಟಾದ್ವು?"

"ಇಪ್ಪತ್ಮೂರು."

"ಅಂದ್ರ ಒಂದು ನಗ ಕಡಿಮಿ." ವಸುಧಾ ಭೇಳಿನ ಕಾಗದ ಮಡಚಿದರು. "ಹನ್ನೊಂದನೇ ಷರತ್ತು. ಇನ್ನ ಮುಂದಿನ ದರಾ ಯಾರದ್ರಿ?"

ಮುಂದಿನ ದರ ಎಂದರೆ ಮೂರನೆಯ ಲಕೋಟೆ, ನಾಲ್ಕು ದಿನ ಮನೆಯಲ್ಲಿ ಮಲಗುವ ವಸುಧಾರದು. ರಘೋತ್ತಮರು ಇಪ್ಪತ್ತು ವರ್ಷದ ಸರ್ವಿಸ್ಸಿನಲ್ಲಿ ಇಷ್ಟು ಒಳ್ಳೆಯ ಷರತ್ತು ಇನ್ನೊಂದು ನೋಡಿರಲಿಲ್ಲ.

ಹಾಗಾಗಿ ಶ್ರಾವಣದಲ್ಲಿ ನಾಲ್ಕು ದಿನ ರಜೆ ಕೂಡಿ ಬಂದಾಗ ತಂದೆ ಮಗಳು ಚೀಲ ಹಿಡಿದು ಹೊರಬಿದ್ದರು. ಅವರು ಮೆಟ್ಟಿಲು ಇಳಿಯುವ ಮೊದಲೇ ವಸುಧಾ ಒಳಗಿನಿಂದ ಚಿಲಕ ಹಾಕಿದ್ದು ಕೇಳಿಸಿತು. ಎಲ್ಲಿಗೆ ಹೋಗುವುದೆಂದು ಆರಿಸುವ ಪಾಳಿ ಮೃದುಲಾಳದು. ಮತ್ತೆ ಮೌಜ್‌ನಗರಿ ಎನ್ನುತ್ತಾಳೆಂದು ರಘೋತ್ತಮರು ಹೆದರಿದ್ದರು, ಸ್ವಲ್ಪ ಆಸೆಯನ್ನೂ ಇಟ್ಟುಕೊಂಡಿದ್ದರು.

"ವೇರೂಳ" ಎಂದಳು ಮೃದುಲಾ. "ಐದು ಗುಹಾ ಉಳದಾವಲ್ಲಾ. ಮತ್ತ ಈಗ ಅಲ್ಲೆ ಗುಡ್ಡದ ಮ್ಯಾಲಿಂದ ನೀರು ಧಬಧಬಾ ಬೀಳ್ತಿರ್ತದಂತ, ವೈಜನಾಥ ಕಾಕಾ ಹೇಳ್ಯಾರ."

ರಘೋತ್ತಮರಿಗೆ ಕಣ್ಣು ತುಂಬಿ ಬಂತು. ಹಳೆಯ ಮೆತ್ತನೆಯ ಚಪ್ಪಲಿ ಹಾಕಿಕೊಂಡ ಕಾಲುಗಳಿಗೂ ಉತ್ಸಾಹ ಬಂತು. ಬಸ್ಸು ನಾಸಿಕ್ ದಾಟಿದ ಮೇಲೆ ಮಗಳು ನೋಟುಬುಕ್ಕಿನಿಂದ ಒಂದು ಹಾಳೆ ಹರಿದು ಅವರ ಕೈಗಿತ್ತಳು. ದೊಡ್ಡ ದೊಡ್ಡ ಕನ್ನಡ ಅಕ್ಷರಗಳಲ್ಲಿ, "ಗುಹೆ, ಐದು ನಗ" ಎಂದು ಬರೆದಿತ್ತು. ಅದರ ಕೆಳಗೆ ಇರುವೆ ಸಾಲಿನಂಥ ಒಂದು ಸಾಲು.

ರಘೋತ್ತಮರು ಸಹಿ ಮಾಡುವ ಮೊದಲು ಕನ್ನಡಕ ಹಾಕಿಕೊಂಡು ಆ ಸಾಲನ್ನು ಓದಿದರು. "ಅಪ್ಪ ನಡುವೆಯೇ ಕೂತುಬಿಟ್ಟರೆ ಮತ್ತೆ ಮೌಜ್‌ನಗರಿ" ಎಂದಿತ್ತು. ಅವರು ಸಹಿ ಹಾಕಿ, ಎಲ್ಲಿ ಕುಳಿತುಬಿಡಬಹುದೆಂದು ಈಗಿನಿಂದಲೇ ಯೋಚಿಸತೊಡಗಿದರು.