ಸೆರಗಿನ ಕೆಳಗಿನ ಹೆಲ್ಮೆಟ್

ನನ್ನ ಹೆಂಡತಿ ಅನಸೂಯಾ ಕೊನೆಯ ಸಲ ಸ್ಕೂಟರ್ ಓಡಿಸಿದ್ದು ಒಂದು ಶನಿವಾರ. ಗುಳೇದಗುಡ್ಡದ ನಮ್ಮ ಮನೆಯಿಂದ ಬಾಗಲಕೋಟೆ ಹಾದು ತುಳಸಿಗೇರಿ ಹನುಮಪ್ಪನ ಗುಡಿಗೆ ಹೋಗಿ ಬಂದೆವು. ಓಡಿಸುವವಳು ಅವಳು, ಹಿಂದೆ ಕೂಡುವವನು ನಾನು. ನಮ್ಮ ಸಂಸಾರ ನಡೆದದ್ದೇ ಹಾಗೆ. ನಾನು ಮಗ್ಗದಲ್ಲಿ ಕುಳಿತು ಕುಪ್ಪಸದ ಖಣ ನೇಯುತ್ತಿದ್ದೆ. ಅವಳು ಅದನ್ನು ಗಂಟು ಕಟ್ಟಿಕೊಂಡು ಬಾಗಲಕೋಟೆ, ಬಾದಾಮಿ, ಇಳಕಲ್ಲಿನ ಅಂಗಡಿಗಳಿಗೆ ಮುಟ್ಟಿಸುತ್ತಿದ್ದಳು. ಕುಳಿತಲ್ಲೇ ಕಾಲಾಡಿಸುವ ಕೆಲಸ ನನ್ನ ಪಾಲಿಗೆ ಬಂದದ್ದರಿಂದ ಊರು ಸುತ್ತುವ ಧೈರ್ಯವೆಲ್ಲ ಅವಳ ಪಾಲಿಗೆ ಹೋಗಿರಬೇಕು. ಆ ಶನಿವಾರವಾಗಿ ಎರಡು ದಿನಕ್ಕೆ ಅವಳಿಗೆ ಎದೆನೋವು ಬಂತು. ದವಾಖಾನೆಗೆ ಹೋದವಳು ತಿರುಗಿ ಬರಲಿಲ್ಲ.

ಅವಳಷ್ಟು ರಸ್ತೆಯ ನಿಯಮ ಪಾಲಿಸುವವರನ್ನು ನಾನು ಕಂಡಿಲ್ಲ. ಎಮ್ಮೆಯ ಪಕ್ಕದಿಂದ ಹಾಯುವಾಗಲೂ ಇಂಡಿಕೇಟರ್ ಹಾಕುತ್ತಿದ್ದಳು. ಕೆಂಪು ದೀಪ ಇದ್ದರೆ, ರಸ್ತೆಯಲ್ಲಿ ನರಪಿಳ್ಳೆ ಇಲ್ಲದಿದ್ದರೂ ನಿಲ್ಲುತ್ತಿದ್ದಳು. "ಯಾರೂ ಇಲ್ಲಲ್ಲ, ಹೋಗ" ಎಂದರೆ, "ದೀಪ ಐತೆಲ್ಲ, ಸುಮ್ನ ಕುಂದರ್ರಿ" ಎನ್ನುತ್ತಿದ್ದಳು. ಓಣಿಯ ತುದಿಯ ಗಿರಣಿಗೆ ಹೋಗುವುದಿದ್ದರೂ ಹೆಲ್ಮೆಟ್ ಬೇಕೇಬೇಕು.

ತೊಡಕು ಇದ್ದದ್ದು ಬಾಗಲಕೋಟೆಯ ಒಂದು ಸರ್ಕಲ್ಲಿನಲ್ಲಿ. ಅಲ್ಲೇ ನನ್ನ ಅಣ್ಣನ ಬಟ್ಟೆ ಅಂಗಡಿ. ಗಂಡನ ಅಣ್ಣನ ಮುಂದೆ ತಲೆಯ ಮೇಲೆ ಸೆರಗಿಲ್ಲದೆ ಹಾಯುವ ರೂಢಿ ನಮ್ಮ ಮನೆಯ ಹೆಣ್ಣುಮಕ್ಕಳಿಗಿಲ್ಲ. "ಹೆಲ್ಮೆಟ್ಟ ತಲಿ ಮುಚ್ಚೈತಲ್ಲ, ಮತ್ಯಾಕ ಸೆರಗು?" ಎಂದು ವಾದಿಸಿ ನೋಡಿದ್ದೆ. "ಹೆಲ್ಮೆಟ್ ಸರಕಾರಕ್ಕ, ಸೆರಗ ಭಾವಗ" ಎಂದು ಒಂದೇ ಮಾತಿನಲ್ಲಿ ಮುಗಿಸಿದಳು. ಸರ್ಕಲ್ ಬರುವ ಮೊದಲೇ ಗಾಡಿ ಬದಿಗೆ ನಿಲ್ಲಿಸಿ, ಇಳಕಲ್ ಸೀರೆಯ ಕೆಂಪು ಸೆರಗನ್ನು ಹೆಲ್ಮೆಟ್ಟಿನ ಮೇಲೆ ಎಳೆದು, ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ, ಗಂಭೀರವಾಗಿ ಸಾಗುತ್ತಿದ್ದಳು. ಅಣ್ಣ ಒಮ್ಮೆ ನನ್ನನ್ನು ಬದಿಗೆ ಕರೆದು, "ನಿನ್ನ ಹೆಂಡ್ತಿ ದಿನಾ ಸೆರಗಿನ್ಯಾಗ ಕುಂಬಳಕಾಯಿ ಮುಚ್ಚಿಕೊಂಡು ಎಲ್ಲಿಗ ಒಯ್ತಾಳಲೇ?" ಎಂದು ಕೇಳಿದ್ದ.

ಅವಳು ಹೋದ ಮೇಲೆ, ಬಾಗಲಕೋಟೆಯ ಸಾಲೆಯಲ್ಲಿ ಕಲಿಸುವ ಮಗಳು ಸವಿತಾಳ ಹೆಸರಿಗೆ ಸ್ಕೂಟರ್ ಮಾಡಿಸಬೇಕಾಯಿತು. ಬಾಕಿ ಕೇಸುಗಳಿದ್ದರೆ ಮೊದಲು ಮುಗಿಸಬೇಕಂತೆ. ಸವಿತಾ ಮೊಬೈಲಿನಲ್ಲಿ ಗಾಡಿಯ ನಂಬರ್ ಹಾಕಿ ನೋಡಿ, "ಅಪ್ಪಾ, ಒಂದ್ ಕೇಸ್ ಐತಿ. ಹೆಲ್ಮೆಟ್ ಇಲ್ಲಂತ. ತುಳಸಿಗೇರಿಗೆ ಹೋಗಿದ್ರಲ್ಲ, ಅವತ್ತ ಸರ್ಕಲ್ಲಿನ ಕ್ಯಾಮೆರಾದಾಗ ಬಿದ್ದೈತಿ" ಎಂದಳು.

"ಸುಳ್ಳ! ಮಷೀನಿಗೆ ಸೆರಗಷ್ಟ ಕಂಡೈತಿ."

"ಇರ್ಲಿ ಬಿಡಪ್ಪಾ, ದಂಡ ತುಂಬಿ ಮುಗಿಸೂಣು."

"ತುಂಬಿದ್ರ ತಪ್ಪ ಒಪ್ಕೊಂಡಂಗ. ನಿಮ್ಮವ್ವ ಇದ್ದಿದ್ರ ಒಪ್ತಿದ್ದಿಲ್ಲ. ನಾನೂ ಒಪ್ಪೂದಿಲ್ಲ."

ಸತ್ತವಳು ಬಂದು ಸಾಕ್ಷಿ ಹೇಳಲಾರಳು. ಅವಳ ಹೆಸರಿನ ಮೇಲಿನ ಆ ಒಂದು ಕಲೆಯನ್ನು ಒರೆಸದೆ ಮಗ್ಗಕ್ಕೆ ಕೂಡಲಾರೆ ಎನ್ನಿಸಿತು. ಅವಳ ಹೆಲ್ಮೆಟ್ಟನ್ನೂ ಒಂದು ಇಳಕಲ್ ಸೀರೆಯನ್ನೂ ಚೀಲಕ್ಕೆ ಹಾಕಿಕೊಂಡು, ಮಗಳ ಜೊತೆ ಬಸ್ಸು ಹತ್ತಿ ಪೊಲೀಸ್ ಠಾಣೆಗೆ ಹೋದೆ. ಬಾಯಿಮಾತಿನಲ್ಲಿ ವಿವರಿಸಲು ಬಾರದೆ, ಎಲ್ಲರ ಮುಂದೆ ನಾನೇ ಹೆಲ್ಮೆಟ್ ಹಾಕಿಕೊಂಡು, ಮೇಲೆ ಸೆರಗು ಹೊದ್ದು ನಿಂತೆ. ಸವಿತಾ ಗೋಡೆಯ ಕಡೆ ಮುಖ ತಿರುಗಿಸಿದಳು. ಇಬ್ಬರು ಕಾನ್ಸ್‌ಟೇಬಲ್ಲುಗಳು ನಗು ತಡೆಯಲಾರದೆ ಹೊರಗೆ ಹೋದರು.

ನಗದೆ ಉಳಿದವರು ಒಬ್ಬ ಮಹಿಳಾ ಅಧಿಕಾರಿ. ಕಂಪ್ಯೂಟರಿನಲ್ಲಿ ಫೋಟೊ ತೆರೆದು ದೊಡ್ಡದು ಮಾಡಿದರು.

"ಕಾಕಾ, ಸೆರಗ ತಗದು ಇಲ್ಲಿ ಬರ್ರಿ. ನಿಮ್ಮ ಮನಿಯವ್ರದು ಏನೂ ತಪ್ಪಿಲ್ಲ. ಸೆರಗಿನ ಕೆಳಗ ಹೆಲ್ಮೆಟ್ಟಿನ ಗಾಜ ಹೊಳಿಯಾಕತ್ತೈತಿ ನೋಡ್ರಿ. ಆದ್ರ ಹಿಂದ ಬರೇ ತಲಿಲೆ ಕುಂತವರು ಯಾರು?"

ನಾನೇ. ನನ್ನ ಹೆಲ್ಮೆಟ್ ತೊಡೆಯ ಮೇಲಿತ್ತು. ಅದರೊಳಗೆ ಹನುಮಪ್ಪನ ತೆಂಗಿನಕಾಯಿ, ಬಾಳೆಹಣ್ಣು. ಹಾಕಿಕೊಳ್ಳಿರಿ ಎಂದು ಅವಳು ದಾರಿಯಲ್ಲಿ ಮೂರು ಸಲ ಹೇಳಿದ್ದಳು. ಪ್ರಸಾದ ಎಲ್ಲಿಡಲಿ ಎಂದು ನಾನು ಮೂರು ಸಲ ಕೇಳಿದ್ದೆ.

"ಹಿಂದ ಕುಂತವರಿಗೂ ಹೆಲ್ಮೆಟ್ ಬೇಕ್ರಿ. ಕೇಸ್ ಮಾತ್ರ ಗಾಡಿ ಯಾರ ಹೆಸರಿಗೈತಿ ಅವರ ಮ್ಯಾಲೆ ಬೀಳತೈತಿ" ಎಂದರು ಅಧಿಕಾರಿ.

"ಅದನ್ನ ನನ್ನ ಹೆಸರಿಗೆ ಹಾಕ್ರಿ."

"ಹಂಗ ಬರೂದಿಲ್ರಿ. ಇರ್ಲಿ, ನಿಮ್ಮ ಲೈಸೆನ್ಸ್ ನಂಬರ್ ಹೇಳ್ರಿ, ನಿಮ್ಮ ದಾಖಲಿ ಹೆಂಗೈತಿ ನೋಡೂಣು."

ನನಗೆ ಲೈಸೆನ್ಸೇ ಇಲ್ಲ ಎಂದೆ. "ಹಂಗಾರ ನಿಮ್ಮದು ಭಾಳ ಸ್ವಚ್ಛ ಐತಿ ಬಿಡ್ರಿ" ಎಂದು ಅವರೂ ಆಗ ನಕ್ಕರು. ಗಾಡಿಯ ದಾಖಲೆ ಬೇರೆ, ಲೈಸೆನ್ಸಿನ ದಾಖಲೆ ಬೇರೆ ಎಂಬುದು ನನಗೆ ತಿಳಿದದ್ದೇ ಅವತ್ತು. ಅನಸೂಯಾಳ ಲೈಸೆನ್ಸನ್ನೂ ನೋಡಿದರು. ಅದರ ಮೇಲೆ ಒಂದು ಗೆರೆಯೂ ಇರಲಿಲ್ಲ. "ಇಷ್ಟ್ ವರ್ಷ ಗಾಡಿ ಹೊಡದು ಹಿಂಗ ಇಟ್ಕೊಂಡಾರಂದ್ರ ದೊಡ್ಡ ಮಾತ್ರಿ" ಎಂದು ಅವರು ಹೇಳಿದ್ದನ್ನು ಬಸ್ಸಿನಲ್ಲಿ ನಾನು ಸವಿತಾಳಿಗೆ ನಾಲ್ಕು ಸಲ ಹೇಳಿದೆ. ಠಾಣೆಯಲ್ಲಿ ಅವಳೂ ನನ್ನ ಪಕ್ಕದಲ್ಲೇ ನಿಂತು ಕೇಳಿದ್ದಳು.

ದಂಡ ತುಂಬಿದೆ. ಗಾಡಿ ಮಗಳ ಹೆಸರಿಗಾಯಿತು. ಎಷ್ಟೋ ವರ್ಷ ಅನಸೂಯಾ ಜೋಪಾನ ಮಾಡಿದ ಗಾಡಿಗೆ ಬಿದ್ದ ಒಂದೇ ಕೇಸು ನನ್ನ ತಲೆಯದು. ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, "ತಪ್ಪು ನಂದ ಐತಿ" ಎಂದು ಗಟ್ಟಿಯಾಗಿಯೇ ಹೇಳಿದೆ. ಬೈಯಬೇಕಾದವಳು ಇಲ್ಲ.