ರ‍್ಯಾಮಿಗೆ ಮೂರು ಪಟ್ಟೆ ವಿಭೂತಿ

ಹೆಂಡತಿಯ ಬಾಳು ಬೆಳಗುವ ಗಂಡಸು ಇಡೀ ಭಾಲ್ಕಿ ತಾಲ್ಲೂಕಿನಲ್ಲಿ ಒಬ್ಬನಿದ್ದರೆ ಅದು ನಾನೇ ಎಂದು ಆ ಬೆಳಿಗ್ಗೆ ತೀರ್ಮಾನಿಸಿಬಿಟ್ಟೆ! ನನ್ನಾಕೆ ದಾನಮ್ಮನಿಗೆ ಔರಾದಿನ ಶಾಲೆಯೊಂದರವರು ಮಧ್ಯಾಹ್ನ ಮೂರಕ್ಕೆ ಆನ್‌ಲೈನ್ ಸಂದರ್ಶನ ಇಟ್ಟಿದ್ದರು. ಮದುವೆಯಾದ ಆರು ವರ್ಷದಲ್ಲಿ ಬಂದ ಒಂದೇ ಕರೆ. ಆಕೆ ತೋರಿಸಬೇಕಾದ ಪಾಠದ ಚಿತ್ರಗಳೆಲ್ಲ ಲ್ಯಾಪ್‌ಟಾಪಿನಲ್ಲಿದ್ದವು. ಆ ಲ್ಯಾಪ್‌ಟಾಪೋ, ಗುಂಡಿ ಒತ್ತಿ, ಚಹಾ ಕುದಿಸಿ, ಕುಡಿದು, ಬಸಿ ತೊಳೆದಿಟ್ಟ ಮೇಲೆ ಕಣ್ಣು ಬಿಡುವ ತಳಿ. ಅದಕ್ಕೇ ಹಿಂದಿನ ದಿನ ಬೀದರಿನ ಗೌಸೋದ್ದೀನರ ಅಂಗಡಿಯಿಂದ ಹೊಸ ರ‍್ಯಾಮ್ ತಂದಿದ್ದೆ. ಯಂತ್ರದ ನೆನಪು ಹೆಚ್ಚಿಸುವ, ಬೆರಳುದ್ದದ ಹಸಿರು ಪಟ್ಟಿ. ಐದು ಮಿನಿಟಿನಲ್ಲಿ ತಾವೇ ಕೂರಿಸಿಕೊಡುವುದಾಗಿ ಹೇಳಿದರು ಅವರು. ನಾಲ್ಕು ವಿಡಿಯೊ ನೋಡಿದ್ದ ಪಂಡಿತ ನಾನು, ನಕ್ಕುಬಿಟ್ಟೆ.

"ಇವತ್ತೇ ಬಿಚ್ಚಬೇಕೇನ್ರಿ? ಸಂಜಿಕಿ ಬಿಚ್ಚಿದ್ರ ಆಗಲ್ಲೇನು?" ಎಂದಳು ದಾನಮ್ಮ.

"ನೀ ಪಾಠ ಓದ್ಕೋ. ಮಿಷಿನ್ನಿಂದು ನನಗ ಬಿಡು."

ಲ್ಯಾಪ್‌ಟಾಪಿನ ತಳ ಬಿಚ್ಚಿ ಹಳೆಯ ಪಟ್ಟಿ ಕಿತ್ತೆ. ಅಷ್ಟರಲ್ಲಿ ನಮ್ಮವ್ವ ಗುಂಡಮ್ಮ, ಹೊಸ ಸಾಮಾನಿಗೆ ವಿಭೂತಿ ಹಚ್ಚದೆ ಬಳಸಬಾರದೆಂದು ಒಳಗಿನಿಂದ ನೆನಪಿಸಿದಳು. ನಮ್ಮ ಮನೆಯಲ್ಲಿ ಮೋಟರ್‌ಸೈಕಲ್ಲಿಗೆ, ಮಿಕ್ಸರಿಗೆ, ಕಡೆಗೆ ಗ್ಯಾಸಿನ ಲೈಟರಿಗೂ ಮೂರು ಪಟ್ಟೆ ಬಿದ್ದಿವೆ. ಪಟ್ಟಿ ಬಂದ ಡಬ್ಬಿಗೆ ಹಚ್ಚಿದರೆ ಸಾಕು ಎಂದಳು ಅವ್ವ. ಬಿಸಾಡುವ ಡಬ್ಬಿಗೆ ಹಚ್ಚುವ ಅರೆಮನಸ್ಸಿನ ಭಕ್ತನೇ ನಾನು? ವಿಭೂತಿ ತೇಯ್ದು, ಪಟ್ಟಿಯ ಅಂಚಿನಲ್ಲಿ ಬಂಗಾರದ ಹಲ್ಲುಗಳ ಸಾಲಿತ್ತಲ್ಲ, ಅದರ ಮೇಲೇ ಮೂರು ಬೆರಳು ಎಳೆದು ಗೂಡಿಗೆ ಒತ್ತಿದೆ.

ಗುಂಡಿ ಒತ್ತಿದರೆ ಮೂರು ಸಲ ಕೀಂ ಎಂದಿತು. ಪರದೆ ಕಪ್ಪು! ಹಳೆಯ ಪಟ್ಟಿಯನ್ನೇ ತಿರುಗಿ ಹಾಕಿದರೆ, ಗೂಡಿನ ತುಂಬ ಹಸಿ ವಿಭೂತಿ, ಅದೂ ಸಮಾಧಿಸ್ಥ.

ಗೌಸೋದ್ದೀನ ಖೊಟ್ಟಿ ಮಾಲು ಕೊಟ್ಟನೆಂದು ಓಣಿಗೆಲ್ಲ ಕೇಳುವಂತೆ ಕೂಗಿ, ಲ್ಯಾಪ್‌ಟಾಪ್ ಕಟ್ಟಿಕೊಂಡು ಮಧ್ಯಾಹ್ನ ಒಂದರ ಸುಮಾರಿಗೆ ಬೀದರಿಗೆ ಹಾರಿದೆ. ಅಂಗಡಿಯ ಮುಂದೆ ಒಂದು ತಾಸು ನನ್ನ ಭಾಷಣ. ಅವರು ಚಹಾ ತರಿಸಿದರು. ನನ್ನ ಗಂಟಲು ಒಣಗಿದ ಮೇಲೆ ಹೊಸ ಪಟ್ಟಿ ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು, ಮೂಸಿದರು.

"ಸಾಬ್, ಇದಕ್ಕ ಈಬತ್ತಿ ಹಚ್ಚಿದವ್ರು ಯಾರ್ರಿ?"

ಅಲ್ಲಿದ್ದ ಗಿರಾಕಿಗಳೆಲ್ಲ ನನ್ನ ಹಣೆ ನೋಡಿದರು. ಅಲ್ಲೂ ಅದೇ ಮೂರು ಪಟ್ಟೆ.

ಮಕ್ಕಳ ರಬ್ಬರಿನಿಂದ ಹಲ್ಲು ತಿಕ್ಕಿ, ಬ್ರಷ್ಷಿನಿಂದ ಗೂಡು ಒರೆಸಿ ಪಟ್ಟಿ ಕೂರಿಸಿದರು. ಐದೇ ಮಿನಿಟು! ಲ್ಯಾಪ್‌ಟಾಪ್ ಥಟ್ಟನೆ ಕಣ್ಣು ಬಿಟ್ಟು ಗಡಿಯಾರ ತೋರಿಸಿತು. ಮೂರೂ ಹತ್ತು.

ಕಳ್ಳನಂತೆ ಮನೆ ಹೊಕ್ಕೆ. ದಾನಮ್ಮ ಅವ್ವನ ಗಾಜು ಒಡೆದ ಮೊಬೈಲಿನಲ್ಲೇ ಸಂದರ್ಶನ ಮುಗಿಸಿದ್ದಳು. ಚಿತ್ರಗಳಿಲ್ಲವೆಂದು ರೊಟ್ಟಿ ಹಂಚಿನ ಬೆನ್ನನ್ನೇ ಕರಿಹಲಗೆ ಮಾಡಿ, ಅವ್ವನ ವಿಭೂತಿ ಗಟ್ಟಿಯಿಂದ ಬರೆದು ಪಾಠ ಹೇಳಿದ್ದಳು. ನೌಕರಿಯೂ ಸಿಕ್ಕಿತ್ತು.

"ಏನೇನ್ ಕೇಳಿದ್ರು?" ಎಂದೆ ಮೆಲ್ಲಗೆ.

"ತಾವೇ ಕೆಡಿಸಿ ಇನ್ನೊಬ್ಬರ ಮ್ಯಾಲ ಹಾಕೋ ಹುಡುಗ್ರನ ಹ್ಯಾಂಗ ಸಂಭಾಳಿಸ್ತೀರಿ ಅಂದ್ರು. ಮನ್ಯಾಗ ಒಬ್ರು ಅದಾರ, ಆರು ವರ್ಷದ ಅನುಭವ ಅದ ಅಂದೆ. ಮುಂದ ಏನೂ ಕೇಳ್ಲಿಲ್ರಿ. ಎಂದಿನಿಂದ ಬರ್ತೀರಿ ಅಂದ್ರು, ಅಷ್ಟೇ."