ಆರು ವರ್ಷ ಐದು ತಿಂಗಳಿನ ಸವಾರರ ಪರವಾಗಿ

ಇವರಿಗೆ:
ತೊಂಬತ್ತು ವರ್ಷ ಹಳೆಯದಾದ ಮೋಟಾರ್ ಸೈಕಲ್ ಕಂಪನಿಯ
ಹೊಚ್ಚಹೊಸ ಯುವಜನ ಆಕರ್ಷಣಾ ವಿಭಾಗದ ಮುಖ್ಯಸ್ಥರಿಗೆ

ಮಾನ್ಯರೇ,

ತಾವೂ, ತಮ್ಮ ವಿಭಾಗದ ಸಮಸ್ತ ಸಿಬ್ಬಂದಿಯೂ, ಮಂಡಿಯ ಬಳಿ ಬೇಕೆಂದೇ ಹರಿದಿರುವ ತಮ್ಮ ಪ್ಯಾಂಟೂ ಕ್ಷೇಮವೆಂದು ನಂಬಿ, ಮೂವತ್ತೆಂಟು ವರ್ಷಗಳಿಂದ ತಮ್ಮ ಕಂಪನಿಯ ಗಾಡಿಗಳನ್ನು ಬಿಟ್ಟು ಬೇರೆ ಯಾವುದಕ್ಕೂ ಸ್ಪ್ಯಾನರ್ ಹಿಡಿಯದ ಮೆಕ್ಯಾನಿಕ್ ಮಾಡುವ ನಮಸ್ಕಾರಗಳು. ಕಳೆದ ಮಂಗಳವಾರ ತಾವು ನಮ್ಮ ಗ್ಯಾರೇಜಿಗೆ ದಯಮಾಡಿಸಿ, ಬಲೂನು ಕಟ್ಟಿ, ಬೋರ್ಡು ಬಿಚ್ಚಿಕೊಂಡು ಹೋದ ಮೇಲೆ ನಮ್ಮ ಗೋಡೆಯಲ್ಲಿ ನಾಲ್ಕು ತೂತುಗಳು ಉಳಿದಿವೆ. ಅವುಗಳನ್ನು ನೋಡುತ್ತಾ ಕುಳಿತು ಈ ಪತ್ರ ಬರೆಯುತ್ತಿದ್ದೇನೆ. ಒಂದು ಪ್ರತಿಯನ್ನು ತಮಗೆ ಅಂಚೆಯಲ್ಲಿ ಕಳಿಸಿ, ಇನ್ನೊಂದನ್ನು ಹಾದುಹೋಗುವವರೆಲ್ಲ ಓದಲೆಂದು ಅದೇ ತೂತುಗಳಿಗೆ ಸ್ಕ್ರೂ ಹಾಕಿ ತಗುಲಿಸಲಿದ್ದೇನೆ.

ಎಳೆಯರ ಮನಸ್ಸು ಗೆಲ್ಲಲು ತಮ್ಮ ಕಂಪನಿ ಪಡುತ್ತಿರುವ ಪಾಡನ್ನು ಮೊದಲು ಹೊಗಳದಿದ್ದರೆ ನನ್ನಂಥ ಕೃತಘ್ನ ಇನ್ನೊಬ್ಬನಿರಲಾರ. ಕಾಲೇಜಿನ ಮಕ್ಕಳು ನಮ್ಮ ಗಾಡಿಯನ್ನು ‘ಅಂಕಲ್ ಗಾಡಿ’ ಎನ್ನುತ್ತಾರೆಂಬ ಸುದ್ದಿ ಕಿವಿಗೆ ಬಿದ್ದ ದಿನದಿಂದ ತಾವು ನಿದ್ದೆ ಮಾಡಿಲ್ಲವೆಂದು ಕೇಳಿದ್ದೇನೆ. ಶೋರೂಮಿನಲ್ಲಿದ್ದ ಸಂಸ್ಥಾಪಕರ ಪಟಕ್ಕೆ ತಾವು ಕಪ್ಪು ಕನ್ನಡಕ ಬರೆಸಿದಿರಿ. ಹೊಸ ಗಾಡಿಗೆ ಕಾರ್ಖಾನೆಯಲ್ಲೇ ಗೀರು ಹಾಕಿಸಿ, ಪರಂಪರೆಯನ್ನು ಮೊದಲ ದಿನದಿಂದಲೇ ಒದಗಿಸಿದಿರಿ. ಯುವಜನರ ಮೀನಖಂಡ ನೋಯಬಾರದೆಂದು ಕಿಕ್ಕರ್ ತೆಗೆದುಹಾಕಿದಿರಿ. ಹೊಸ ಇಂಜಿನ್ ತೀರಾ ಸಂಭಾವಿತವಾಗಿ ಸದ್ದಿಲ್ಲದೆ ಓಡುತ್ತದೆಂದು ಕಂಡುಬಂದಾಗ ಸೀಟಿನ ಕೆಳಗೊಂದು ಸ್ಪೀಕರ್ ಇಟ್ಟು, ನಲವತ್ತು ವರ್ಷದ ಹಿಂದಿನ ನಮ್ಮದೇ ಗಾಡಿಯ ಗುಡುಗುಡು ಸದ್ದನ್ನು ಅದರಿಂದ ಹೊರಡಿಸಿದಿರಿ. ಇಷ್ಟು ಮಾಡಿಯೂ ಯುವಜನರು ಬಾರದಿದ್ದಾಗ, ಐವತ್ತು ದಾಟಿದ ಸವಾರರನ್ನು ಕಂಡು ಅವರು ಬೆದರುತ್ತಿರಬೇಕೆಂದು ಊಹಿಸಿ, ನಮ್ಮ ವಯಸ್ಸಿನವರೆಲ್ಲ ಶೋರೂಮಿನ ಹಿಂಬಾಗಿಲಿನಿಂದ ಬರಬೇಕೆಂದು ಸುತ್ತೋಲೆ ಹೊರಡಿಸಿದಿರಿ. ಅಂದಿನಿಂದ ನಾವು ಹಿಂಬಾಗಿಲಿನಿಂದಲೇ ಹೋಗುತ್ತಿದ್ದೇವೆ. ಅಲ್ಲಿ ನೆರಳಿದೆ, ಕೂರಲು ಕಟ್ಟೆಯೂ ಇದೆ.

ಇನ್ನು ನನ್ನ ಅಹವಾಲು. ನನಗೀಗ ಅರವತ್ತಮೂರು. ಮೆಕ್ಯಾನಿಕ್ಕಿನ ಬಂಡವಾಳವೆಲ್ಲ ಕಿವಿಯಲ್ಲಿರುತ್ತದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ ಆಲಿಸಿದರೆ ಒಳಗಿನ ರೋಗ ತಾನಾಗಿಯೇ ಬಾಯಿಬಿಡುತ್ತದೆ. ನನ್ನ ಬಲಗಿವಿ ಮೂರು ವರ್ಷದಿಂದ ಮಂದವಾಗಿದೆ, ಎಡಗಿವಿಯೂ ಅದರ ಹಾದಿ ಹಿಡಿದಿದೆ. ಆದ್ದರಿಂದ ಗ್ಯಾರೇಜನ್ನು, ಅದರ ಹಣೆಯ ಮೇಲಿದ್ದ ತಮ್ಮ ಅಧಿಕೃತ ಸರ್ವಿಸ್ ಕೇಂದ್ರದ ಬೋರ್ಡಿನ ಸಮೇತ, ಇಪ್ಪತ್ತಾರು ವರ್ಷದ ನನ್ನ ಮಗಳ ಹೆಸರಿಗೆ ಮಾಡಿಕೊಡಿ ಎಂದು ಎಂಟು ತಿಂಗಳ ಹಿಂದೆ ಅರ್ಜಿ ಹಾಕಿದೆ. ಹದಿನೇಳನೇ ವಯಸ್ಸಿಗೆ ಒಬ್ಬಳೇ ಇಂಜಿನ್ ಬಿಚ್ಚಿ ಜೋಡಿಸಿದವಳು ಅವಳು. ಗಾಡಿ ಇನ್ನೂ ಬೀದಿಯ ತಿರುವಿನಲ್ಲಿರುವಾಗಲೇ ಸದ್ದು ಕೇಳಿ, ಅದಕ್ಕೆ ಬೇಕಾದ ಸ್ಪ್ಯಾನರನ್ನು ಕೈಗೆತ್ತಿಕೊಂಡಿರುತ್ತಾಳೆ. ಬೋರ್ಡಿಲ್ಲದ ಗ್ಯಾರೇಜಿಗೆ ತಮ್ಮ ಡಿಪೋ ಬಿಡಿಭಾಗ ಕೊಡುವುದಿಲ್ಲ, ಬಿಡಿಭಾಗವಿಲ್ಲದೆ ಅವಳ ಕಿವಿ, ಕೈ ಎರಡೂ ಇದ್ದೂ ಇಲ್ಲದಂತೆ. ಸರಾಸರಿ ಮೂವತ್ತಕ್ಕಿಂತ ಕಡಿಮೆ ವಯಸ್ಸಿನ ಗ್ರಾಹಕರಿರುವ ಗ್ಯಾರೇಜುಗಳಿಗೆ ಮಾತ್ರ ಇನ್ನು ಬೋರ್ಡು, ಪುರಾವೆಗಾಗಿ ರಿಜಿಸ್ಟರಿನ ಪ್ರತಿ ಕಳಿಸತಕ್ಕದ್ದು ಎಂದು ತಮ್ಮ ಉತ್ತರ ಬಂತು. ನಾನು ಕಳಿಸಿದೆ.

ಇಲ್ಲೊಂದು ತಪ್ಪಾಯಿತು, ಅರ್ಧ ನನ್ನದೂ ಹೌದು. ನಮ್ಮ ಗ್ಯಾರೇಜಿನಲ್ಲಿ ನನ್ನ ಗುರುಗಳ ಕಾಲದಿಂದ ಒಂದು ಪದ್ಧತಿಯಿದೆ. ಇಂಜಿನ್ನನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದ ದಿನವೇ ಅದು ಹುಟ್ಟಿದ ದಿನ. ಆವತ್ತಿನಿಂದ ಹೊಸದಾಗಿ ವಯಸ್ಸು ಎಣಿಸಿ, ರಿಜಿಸ್ಟರಿನಲ್ಲಿ ಸವಾರರ ಹೆಸರಿನ ಪಕ್ಕ ಬರೆಯುತ್ತೇವೆ. ನಮ್ಮ ಹಳೇ ಗಿರಾಕಿ ಗಣಿತದ ಮೇಷ್ಟ್ರಿಗೆ ಎಪ್ಪತ್ತನಾಲ್ಕು. ಅವರ ಇಂಜಿನ್ ಬಿಚ್ಚಿ ಎರಡು ವರ್ಷವಾಯಿತು. ಹಾಗಾಗಿ ರಿಜಿಸ್ಟರಿನಲ್ಲಿ ‘ಗಣಿತದ ಮೇಷ್ಟ್ರು, ವಯಸ್ಸು ಎರಡು’ ಎಂದಿದೆ. ನಮ್ಮವರು ಇದಕ್ಕೆಷ್ಟು ಒಗ್ಗಿಹೋಗಿದ್ದಾರೆಂದರೆ, ನರೆತ ಮೀಸೆಯ ಹಲ್ಲಿನ ಡಾಕ್ಟರು ಗ್ಯಾರೇಜಿಗೆ ಕಾಲಿಡುತ್ತಲೇ ‘ನಂಗೆ ಈ ತಿಂಗ್ಳು ಮೂರು ತುಂಬ್ತು ಕಣ್ರಿ’ ಎನ್ನುತ್ತಾರೆ, ಯಾರೂ ತಲೆಯೆತ್ತಿ ನೋಡುವುದಿಲ್ಲ.

ತಮ್ಮ ಗಣಕಯಂತ್ರ ಮಾತ್ರ ತಲೆಯೆತ್ತಿ ನೋಡಿತು. ನಲವತ್ತೊಂದು ಸವಾರರ ಸರಾಸರಿ ವಯಸ್ಸು ಆರು ವರ್ಷ ಐದು ತಿಂಗಳು ಎಂದು ಅದು ಹೇಳಿತು, ತಾವು ಆನಂದಬಾಷ್ಪ ಸುರಿಸಿ ಅಭಿನಂದನಾ ಪತ್ರ ಬರೆದಿರಿ. ಹಾಲುಹಲ್ಲು ಉದುರುವ ಮುನ್ನವೇ ಸವಾರರನ್ನು ಸೆಳೆದ ಏಕೈಕ ಗ್ಯಾರೇಜು ಎಂದು ನಮ್ಮನ್ನು ಕೊಂಡಾಡಿದಿರಿ. ಮೇಷ್ಟ್ರಿಗೆ ಬಾತುಕೋಳಿಯ ಚಿತ್ರವಿರುವ ಪುಟ್ಟ ಹೆಲ್ಮೆಟ್ಟೂ, ‘ಮುದ್ದು ಸವಾರನೇ, ಚೆನ್ನಾಗಿ ಊಟ ಮಾಡಿ ಬೇಗ ದೊಡ್ಡವನಾಗು’ ಎಂಬ ಕಾಗದವೂ ಬಂದವು. ಅವರು ಕನ್ನಡಕ ಹಾಕಿಕೊಂಡು ಎರಡೆರಡು ಸಲ ಲೆಕ್ಕ ಮಾಡಿ, ಭಾಗಾಕಾರ ಸರಿಯಾಗಿಯೇ ಇದೆಯೆಂದು ತಮಗೆ ಶಹಬ್ಬಾಸ್ ಹೇಳಿದರು. ಹೆಲ್ಮೆಟ್ಟಿನಲ್ಲಿ ಅವರ ಮನೆಯವರು ಈಗ ಬೆಳ್ಳುಳ್ಳಿ ಇಡುತ್ತಾರೆ. ‘ಅಪ್ಪ, ಕಂಪನಿಯವ್ರಿಗೆ ಈಗ್ಲೇ ಹೇಳ್ಬಿಡು, ಆಮೇಲೆ ಪಜೀತಿ ಆಗುತ್ತೆ’ ಎಂದು ಮಗಳು ಅಂದೇ ಎಚ್ಚರಿಸಿದ್ದಳು. ಆದರೆ ಅದೇ ಲಕೋಟೆಯಲ್ಲಿ ಬೋರ್ಡಿನ ವರ್ಗಾವಣೆಯನ್ನು ಒಪ್ಪಿದ್ದೇವೆ, ಖುದ್ದಾಗಿ ಬಂದು ಸಹಿ ಹಾಕುತ್ತೇವೆ ಎಂಬ ಸಾಲಿತ್ತು. ಆ ಸಾಲಿನ ಆಸೆಗೆ ನಾನು ಬಾಯಿ ಮುಚ್ಚಿಕೊಂಡೆ. ಅದಕ್ಕಾಗಿ ನಾಚಿಕೆಪಡುತ್ತೇನೆ.

ಮಂಗಳವಾರ ತಾವು ಹೊಸ ಗಾಡಿಯನ್ನು ಸ್ವತಃ ಓಡಿಸಿಕೊಂಡು ಬಂದಿರಿ. ಹಿಂದಿನ ವ್ಯಾನಿನಲ್ಲಿ ಒಬ್ಬ ಕ್ಯಾಮೆರಾಮನ್, ಒಬ್ಬ ಡ್ರೈವರ್, ನಲವತ್ತೊಂದು ಹಾಲಿನ ಪೊಟ್ಟಣ, ಮತ್ತು ಗಾಳಿ ತುಂಬಿದರೆ ಮಕ್ಕಳು ಒಳಗೆ ಕುಣಿದಾಡಬಹುದಾದ ರಬ್ಬರ್ ಮನೆ. ಗಾಡಿಯೊಂದರ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದ ನನ್ನ ಮಗಳ ಕಾಲುಗಳನ್ನು ಉದ್ದೇಶಿಸಿ ತಾವು ಆಡಿದ ಮೊದಲ ಮಾತು, ‘ಅಪ್ಪ ಇಲ್ವೇನಮ್ಮ?’ ಎಂಬುದು. ಅವಳು ನನ್ನ ಕಡೆ ಕೈ ತೋರಿಸಿದಳು, ತಾವು ಬಲೂನಿನ ದಾರಗಳನ್ನೆಲ್ಲ ನನ್ನ ಕೈಗೆ ಕೊಟ್ಟಿರಿ. ಕ್ಯಾಮೆರಾ ಸಜ್ಜಾದಾಗ ಎರಡನೆಯ ಮಾತಾಡಿದಿರಿ: ‘ಸ್ವಲ್ಪ ಆ ಕಡೆ ಹೋಗಮ್ಮ, ಫ್ರೇಮಲ್ಲಿ ಬರ್ತಿದ್ದೀಯ.’ ಯುವಜನರನ್ನು ಹುಡುಕಿಕೊಂಡು ಅಷ್ಟು ದೂರ ಬಂದ ತಾವು, ತಮ್ಮದೇ ಗಾಡಿಯಲ್ಲಿ ದಿನವೂ ಕೆಲಸಕ್ಕೆ ಬರುವ ಒಬ್ಬಳೇ ಒಬ್ಬ ಯುವತಿಯನ್ನು ಚಿತ್ರದಿಂದ ಆಚೆಗೆ ಸರಿಸಿದ ಆ ಕ್ಷಣವನ್ನು ನಾನು ಕೈತುಂಬ ಬಲೂನು ಹಿಡಿದುಕೊಂಡು ನೋಡುತ್ತಿದ್ದೆ. ಬೋರ್ಡು ಹೋದದ್ದಕ್ಕೆ ಆಮೇಲೆ ಬೇಸರವಾಯಿತು, ನಿಜ. ಸಿಟ್ಟು ನೆತ್ತಿಗೇರಿದ್ದು ಈ ಮಾತಿಗೆ.

ಅನಂತರ ತಾವು ಮಕ್ಕಳೆಲ್ಲಿ ಎಂದು ಕೇಳಿದಿರಿ, ಇಸ್ತ್ರಿ ಅಂಗಿ ತೊಟ್ಟು ಬೆಂಚಿನ ಮೇಲೆ ಕುಳಿತಿದ್ದ ಮೇಷ್ಟ್ರು ಸೊಂಟ ಹಿಡಿದುಕೊಂಡು ಎದ್ದು ನಿಂತು, ‘ವಯಸ್ಸು ಎರಡು, ಹಾಜರ್ ಸಾರ್’ ಎಂದರು. ಉಳಿದವರೂ ಒಬ್ಬೊಬ್ಬರಾಗಿ ವಯಸ್ಸು ಹೇಳಿದರು. ತಾವು ಕೆಂಪಾದಿರಿ, ಬಿಳಿಚಿಕೊಂಡಿರಿ, ಮೋಸ ಎಂದು ಕೂಗಿದಿರಿ. ಬೋರ್ಡು ಇಳಿಸಲು ಆಜ್ಞೆಯಾಯಿತು. ಸ್ಕ್ರೂಗಳು ತುಕ್ಕು ಹಿಡಿದಿದ್ದವು, ತಮ್ಮವರ ಬಳಿ ಸ್ಕ್ರೂಡ್ರೈವರ್ ಇರಲಿಲ್ಲ. ನನ್ನ ಮಗಳೇ ತನ್ನದನ್ನು ಕೊಟ್ಟು, ಒಂದೊಂದು ಸ್ಕ್ರೂವಿಗೂ ಒಂದೊಂದು ಹನಿ ಎಣ್ಣೆ ಬಿಟ್ಟು, ಎರಡು ನಿಮಿಷ ತಡೆಯಲು ಹೇಳಿದಳು. ತನ್ನ ಹೆಸರು ಬರಬೇಕಾಗಿದ್ದ ಬೋರ್ಡು ಸಲೀಸಾಗಿ ಕಳಚಿ ಬರುವಂತೆ ಮಾಡಿಕೊಟ್ಟವಳು ಅವಳು ಎಂಬುದನ್ನು ತಾವು ಗಮನಿಸಿದಿರೋ ಇಲ್ಲವೋ.

ಬೋರ್ಡನ್ನು ವ್ಯಾನಿಗೇರಿಸಿ ತಾವು ಗಾಡಿ ಚಾಲೂ ಮಾಡಿದಾಗ ಮಗಳು ಕೈಯೆತ್ತಿ ನಿಲ್ಲಿಸಿದಳು. ಇಂಜಿನ್ನಿನ ತಲೆಯಲ್ಲಿ ಟಕಟಕ ಸದ್ದು ಬರುತ್ತಿದೆಯೆಂದಳು. ಅದು ಪರಂಪರೆಯ ಸದ್ದು, ಸ್ಪೀಕರಿನದು ಎಂದು ತಾವು ಹೆಮ್ಮೆಯಿಂದ ತಿಳಿಸಿದಿರಿ. ಅವಳು ಸೀಟಿನ ಕೆಳಗೆ ಕೈಹಾಕಿ ಸ್ಪೀಕರಿನ ವೈರು ಕಿತ್ತಳು. ಪರಂಪರೆ ನಿಂತಿತು, ಟಕಟಕ ನಿಲ್ಲಲಿಲ್ಲ. ಕಾರ್ಖಾನೆಯಲ್ಲಿ ಬಳಿದ ಅಂಟಿನ ಒಂದು ಚೂರು ಎಣ್ಣೆಯ ದಾರಿಯಲ್ಲಿ ಸಿಕ್ಕಿ, ಹನಿ ಎಣ್ಣೆಯೂ ಮೇಲೇರದೆ ತಮ್ಮ ಇಂಜಿನ್ ಒಳಗೊಳಗೇ ಸವೆಯುತ್ತಿತ್ತು. ಅದರ ಗೋಳು ತಮಗೆ ಕೇಳದಂತೆ ಸ್ಪೀಕರ್ ಗುಡುಗುತ್ತಿತ್ತು. ಹಾಗೇ ಹೋಗಿದ್ದರೆ ಹೆದ್ದಾರಿಯ ನಟ್ಟನಡುವೆ ಅದು ಬಿಗಿದು ನಿಂತುಹೋಗಿ, ತಾವು ಯುವಜನರಿರಲಿ, ಮುದುಕರಿರಲಿ, ಯಾರಾದರೂ ನೆರವಿಗೆ ಬಂದರೆ ಸರಿ ಎನ್ನುತ್ತಿದ್ದಿರಿ.

ಅವಳು ಇಂಜಿನ್ನನ್ನು ಪೂರ್ತಿ ಬಿಚ್ಚಿದಳು. ತಾವು ಬೇಸರದಿಂದ, ಆಗಲೇ ಗಾಳಿ ತುಂಬಿದ್ದ ರಬ್ಬರ್ ಮನೆಯೊಳಗೆ ಮಲಗಿ ಗೊರಕೆ ಹೊಡೆದಿರಿ. ಬೆನ್ನಿಗೆ ಹಿತವಾಗಿದೆಯೆಂದು ಪಕ್ಕದಲ್ಲಿ ಮೇಷ್ಟ್ರೂ ಮಲಗಿದರು. ಕ್ಯಾಮೆರಾಮನ್ ಕ್ಯಾಮೆರಾ ಕಟ್ಟಿಟ್ಟು ಹಾಲು ಕುಡಿಯುತ್ತಿದ್ದ. ಸರಿಯಾಗಿ ಆಗಲೇ, ಮಾನ್ಯರೇ, ಕಾಲೇಜು ಬಿಟ್ಟು ಹೋಗುತ್ತಿದ್ದ ಏಳು ಮಂದಿ ಹುಡುಗ ಹುಡುಗಿಯರು ಬಿಚ್ಚಿ ಹರಡಿದ ಇಂಜಿನ್ ಕಂಡು ಒಳಗೆ ಬಂದರು. ಇದೇನು, ಅದೇನು ಎಂದು ಕೇಳಿದರು. ಅವಳು ಅಂಟಿನ ಚೂರು ತೆಗೆದು, ತೊಳೆದು, ಮತ್ತೆ ಜೋಡಿಸುವವರೆಗೂ ಎರಡು ತಾಸು ಕದಲಲಿಲ್ಲ. ಬೆಳಕು ಸಾಲದಾದಾಗ ತಂತಮ್ಮ ಫೋನಿನ ದೀಪಗಳನ್ನು ಹಿಡಿದುಕೊಂಡು ನನ್ನ ಮಗಳ ಸುತ್ತ ಕುಕ್ಕರಗಾಲಲ್ಲಿ ಕುಳಿತರು. ಅವಳ ಹಳೇ ಗಾಡಿಯ ಕಿಕ್ಕರನ್ನು ಸರದಿಯಲ್ಲಿ ಒದ್ದು, ಒದೆ ತಿಂದು, ಐದನೆಯವಳಾಗಿ ಒದ್ದ ಹುಡುಗಿಗೆ ಅದು ಚಾಲೂ ಆದಾಗ ಎಲ್ಲರೂ ಸೇರಿ ಎಬ್ಬಿಸಿದ ಗದ್ದಲಕ್ಕೆ ತಮಗೆ ಎಚ್ಚರವಾಯಿತು. ತಾವು ಹೊರಬಂದು, ದಾರಿಗಡ್ಡ ನಿಂತಿದ್ದಾರೆಂದು ಅವರನ್ನೆಲ್ಲ ಗದರಿಸಿ ಕಳಿಸಿದಿರಿ. ಬಳಿಕ ಸದ್ದಡಗಿದ ತಮ್ಮ ಗಾಡಿ ಏರಿ, ಇನ್ನೂ ಬಲೂನು ಹಿಡಿದೇ ನಿಂತಿದ್ದ ನನಗೆ, ‘ಒಳ್ಳೇ ಕೆಲ್ಸ ಮಾಡಿದ್ರಿ ಯಜಮಾನ್ರೇ’ ಎಂದು ಹೊರಟುಹೋದಿರಿ.

ಆದ್ದರಿಂದ ನನ್ನ ವಿನಂತಿ ಇಷ್ಟೇ: ಬೋರ್ಡನ್ನು ನನ್ನ ಮಗಳ ಹೆಸರಿನಲ್ಲಿ ಮರಳಿಸಿ. ನಿಯಮ ಸಡಿಲಿಸಲಾಗದಿದ್ದರೆ, ಮನುಷ್ಯರ ವಯಸ್ಸನ್ನೂ ಬಿಚ್ಚಿ ಜೋಡಿಸಿದ ದಿನದಿಂದಲೇ ಎಣಿಸತಕ್ಕದ್ದೆಂದು ಇನ್ನೊಂದು ಸುತ್ತೋಲೆ ಹೊರಡಿಸಿ; ಮೇಷ್ಟ್ರಿಗೆ ಹೃದಯದ ಆಪರೇಷನ್ ಆಗಿ ನಾಲ್ಕೇ ವರ್ಷವಾಗಿದೆ, ಆ ಲೆಕ್ಕದಲ್ಲೂ ಅವರು ಪಾಸು. ಸಂಸ್ಥಾಪಕರ ಕಪ್ಪು ಕನ್ನಡಕ ಅಳಿಸಿದರೆ ತಮ್ಮ ಇಂಜಿನ್ನುಗಳಿಗೆ ಏನಾಗುತ್ತಿದೆಯೆಂದು ಪಾಪ ಅವರಾದರೂ ನೋಡಿಯಾರು. ಸ್ಪೀಕರ್ ಇರಲೇಬೇಕೆಂದಾದರೆ, ಹತ್ತು ನಿಮಿಷಕ್ಕೊಮ್ಮೆ ‘ಎಣ್ಣೆ ನೋಡಿದ್ರಾ?’ ಎಂದು ಕೇಳುವ ನನ್ನ ಮಗಳ ದನಿಯನ್ನು ಅದರಲ್ಲಿ ಹಾಕಿಸಿ. ಆ ಏಳು ಮಂದಿ ಮರುದಿನ ಮತ್ತೆ ಬಂದು, ಕಿಕ್ಕರ್ ಇರುವ ಗಾಡಿ ಎಲ್ಲಿ ಸಿಗುತ್ತದೆಂದು ಕೇಳಿದರು. ಅದರ ಗುಟ್ಟು ಬಲ್ಲವರೆಲ್ಲ ಶೋರೂಮಿನ ಹಿಂಬಾಗಿಲಲ್ಲಿರುತ್ತಾರೆ ಎಂದಿದ್ದೇನೆ. ಅವರು ಅಲ್ಲಿಗೆ ಬಂದರೆ, ವಯಸ್ಸು ಸಾಲದೆಂದು ದಯಮಾಡಿ ಮುಂಬಾಗಿಲಿಗೆ ಅಟ್ಟಬೇಡಿ.

ಮಗಳಿಗೆ ಈ ಪತ್ರ ಇಷ್ಟವಿಲ್ಲ. ‘ಬಿಡಪ್ಪ, ಬೋರ್ಡ್ ನೋಡ್ಕೊಂಡು ಯಾರೂ ಬರಲ್ಲ’ ಎನ್ನುತ್ತಾಳೆ. ಆದರೆ ನಿನ್ನೆ ಅವಳು ಖಾಲಿ ಗೋಡೆಯನ್ನು ಒರೆಸಿ ಸ್ವಚ್ಛ ಮಾಡುತ್ತಿದ್ದುದನ್ನು ನಾನು ಕಂಡೆ. ನನ್ನ ಕಿವಿ ಮಂದವಾಗಿದೆ ನಿಜ, ಕಣ್ಣು ಚುರುಕಾಗಿಯೇ ಇದೆ.

ಇಷ್ಟಾದರೂ ಅದು ಹೇಗೋ ಉಳಿದುಬಂದಿರುವ

ತಮ್ಮ ವಿಶ್ವಾಸಿ,
ಬೋರ್ಡಿಲ್ಲದ ಗ್ಯಾರೇಜಿನ ಮೆಕ್ಯಾನಿಕ್

ತಾ.ಕ.: ಪದ್ಧತಿಯಂತೆ ನನ್ನ ಮಗಳು ಆ ಸಂಜೆಯೇ ತಮ್ಮ ಹೆಸರನ್ನು ರಿಜಿಸ್ಟರಿನಲ್ಲಿ ಏರಿಸಿ, ವಯಸ್ಸು ಸೊನ್ನೆ ಎಂದು ಬರೆದಿದ್ದಾಳೆ. ತಮ್ಮಿಂದಾಗಿ ನಮ್ಮ ಸರಾಸರಿ ಆರು ವರ್ಷ ಮೂರು ತಿಂಗಳಿಗೆ ಇಳಿದಿದೆಯೆಂದು ಮೇಷ್ಟ್ರು ಲೆಕ್ಕ ಹಾಕಿ ತಿಳಿಸಿದ್ದಾರೆ, ಧನ್ಯವಾದಗಳು. ಐನೂರು ಕಿಲೋಮೀಟರ್ ಓಡಿದ ಮೇಲೆ ಗಾಡಿಯನ್ನು ಒಮ್ಮೆ ತೋರಿಸಲು ಮರೆಯಬೇಡಿ. ಇಷ್ಟು ಎಳೆಯ ವಯಸ್ಸಿನಲ್ಲಿ ಒಬ್ಬರೇ ಬರಲು ಸಂಕೋಚ ಬೇಡ; ಅಪ್ಪ ಇಲ್ಲವೇ ಎಂದು ನನ್ನ ಮಗಳು ಯಾರನ್ನೂ ಕೇಳುವುದಿಲ್ಲ.